ಆಸ್ಪತ್ರೆಗೊಂದು ಸ್ಟೇಜಿಂಗ್ ಸರ್ವರ್

ನಮ್ಮ ಐಟಿ ಲೋಕದಲ್ಲಿ ನಿನ್ನೆ ಸೇರಿದ ಹುಡುಗನಿಗೂ ಗೊತ್ತಿರುವ ನಿಯಮವೊಂದಿದೆ: ಪ್ರೊಡಕ್ಷನ್ ಸರ್ವರ್ ಮೇಲೆ ಕೈ ಪಳಗಿಸಿಕೊಳ್ಳಬಾರದು. ಅದಕ್ಕೇ ಅಂತ ಸ್ಟೇಜಿಂಗ್ ಇದೆ. ಅಲ್ಲಿ ಏನು ಬೇಕಾದರೂ ಕೆಡಿಸಿ, ಯಾರೂ ಕೇಳಲ್ಲ. ಹಾಗಾದರೆ ಆಸ್ಪತ್ರೆಯಲ್ಲಿ? ಹೊಸ ನರ್ಸ್ ಮೊದಲ ಸಲ ಸೂಜಿ ಚುಚ್ಚುವುದು, ಹೊಸ ಡಾಕ್ಟರ್ ಮೊದಲ ಸಲ ಗಂಟಲಿಗೆ ಕೊಳವೆ ಇಳಿಸುವುದು ಯಾರ ಮೇಲೆ? ಬಹುಕಾಲ ಇದಕ್ಕಿದ್ದ ಉತ್ತರ ಜನರಲ್ ವಾರ್ಡಿನ ರೋಗಿಯ ಮೇಲೆ ಅಂತ. ಅಂದರೆ ದುಡ್ಡು ಕೊಟ್ಟು ಸೀನಿಯರ್ ಡಾಕ್ಟರನ್ನು ಕೇಳಲಾಗದವರ ಮೇಲೆ.

ಈಗ ವಿಆರ್ ಹೆಡ್‌ಸೆಟ್ ಹಾಕಿಕೊಂಡು ಗಾಳಿಯಲ್ಲಿ ಕೈಯಾಡಿಸುವ ನರ್ಸುಗಳ ವಿಡಿಯೋ ನಿಮ್ಮ ಫೀಡಿನಲ್ಲೂ ಬಂದಿರುತ್ತೆ. ಕೆಳಗೆ 'ಕ್ರಾಂತಿ' ಅನ್ನೋ ಪದ ಇದ್ದೇ ಇರುತ್ತೆ. ಆದರೆ ಈ ಯೋಚನೆ ಹೆಡ್‌ಸೆಟ್ಟಿಗಿಂತ ಬಹಳ ಹಳೇದು. ಸುಶ್ರುತ ಸಂಹಿತೆಯಲ್ಲಿ ಇದಕ್ಕೇ ಒಂದು ಅಧ್ಯಾಯವಿದೆ. ಕೊಯ್ಯುವುದನ್ನು ಕುಂಬಳ, ಸೋರೆ, ಸೌತೆ ಮೇಲೆ ಕಲಿಯಬೇಕು, ನರ ಚುಚ್ಚುವುದನ್ನು ಕಮಲದ ದಂಟಿನ ಮೇಲೆ, ಕಟ್ಟು ಕಟ್ಟುವುದನ್ನು ಬಟ್ಟೆಯ ಗೊಂಬೆಯ ಮೇಲೆ. ಶಾಸ್ತ್ರವನ್ನೆಲ್ಲ ಓದಿದ್ದರೂ ಕೈ ಪಳಗದವನು ಕೆಲಸಕ್ಕೆ ಬಾರದವನು ಅಂತಲೂ ಅಲ್ಲಿದೆ. ('ನಮ್ಮಲ್ಲಿ ಎಲ್ಲ ಮೊದಲೇ ಇತ್ತು' ಗುಂಪಿನವರು ಇಷ್ಟಕ್ಕೇ ಹಿಗ್ಗಬೇಡಿ. ಇಲ್ಲಿ ಇದ್ದದ್ದು ಆಮೇಲೆ ಎಲ್ಲಿ ಹೋಯಿತು ಅನ್ನೋದೂ ಕೇಳಬೇಕಾದ ಪ್ರಶ್ನೆಯೇ.)

ಈ ಚರಿತ್ರೆಯಲ್ಲಿ ನನಗೆ ತುಂಬಾ ಇಷ್ಟವಾದವಳು ಒಬ್ಬ ಫ್ರೆಂಚ್ ಸೂಲಗಿತ್ತಿ. ಹೆಸರು ಆಂಜೆಲಿಕ್ ದ್ಯು ಕುದ್ರೇ. 18ನೇ ಶತಮಾನದ ಫ್ರಾನ್ಸಿನ ಹಳ್ಳಿಗಳಲ್ಲಿ ಹೆರಿಗೆಯಲ್ಲಿ ತಾಯಿ ಸಾಯುವುದು, ಮಗು ಸಾಯುವುದು ಮಾಮೂಲು. ಪ್ಯಾರಿಸ್ಸಿನಲ್ಲಿ ಕಲಿತ ಈಕೆ ಓವೆರ್ನ್ಯ ಅನ್ನೋ ಹಿಂದುಳಿದ ಸೀಮೆಗೆ ಹೋದಾಗ ಎದುರಿಗೆ ಕೂತಿದ್ದವರಲ್ಲಿ ಹೆಚ್ಚಿನವರು ಓದು ಬಾರದ ರೈತ ಹೆಂಗಸರು. ಪುಸ್ತಕ ಕೊಟ್ಟು ಏನು ಪ್ರಯೋಜನ? ಆಕೆ ಒಂದು 'ಯಂತ್ರ' ಹೊಲಿದಳು. ಬಟ್ಟೆ, ಚರ್ಮ, ಒಳಗೆ ತುಂಬುವ ಹತ್ತಿ, ಇವುಗಳಿಂದ ಮಾಡಿದ ನಿಜ ಗಾತ್ರದ ಹೆಣ್ಣಿನ ಸೊಂಟದ ಭಾಗ. ಎಳೆದರೆ ದಾರಿ ಹಿಗ್ಗುವಂತೆ, ಬಿಟ್ಟರೆ ಬಿಗಿಯುವಂತೆ ದಾರ ಮತ್ತು ಪಟ್ಟಿಗಳು. ಜೊತೆಗೆ ಒಂದು ಮಗು. ಅದರ ಬಾಯಿ ಬರೀ ಹೊಲಿದ ಗೆರೆಯಲ್ಲ, ಬೆರಳು ಒಳಗೆ ಹೋಗುವಷ್ಟು ಆಳ, ನಾಲಿಗೆ ಸಮೇತ. ಯಾಕೆ ಗೊತ್ತಾ? ಮಗು ಕಾಲು ಮುಂದಾಗಿ ಬಂದು ತಲೆ ಸಿಕ್ಕಿಕೊಂಡರೆ ಬಾಯಿಗೆ ಬೆರಳಿಟ್ಟು ತಲೆಯನ್ನು ಬಾಗಿಸಿ ತರಬೇಕು. ಆ ಒಂದು ನಿಮಿಷದ ಅಭ್ಯಾಸಕ್ಕಾಗಿ ಆ ನಾಲಿಗೆ.

1759ರಲ್ಲಿ ದೊರೆ ಹದಿನೈದನೇ ಲೂಯಿ ಆಕೆಗೆ ದೇಶವೆಲ್ಲ ಸುತ್ತಿ ಕಲಿಸುವ ಅಧಿಕಾರಪತ್ರ ಕೊಟ್ಟ. ಕರುಣೆಯಿಂದ ಅಂತ ಅಂದುಕೊಳ್ಳಬೇಡಿ, ಯುದ್ಧ ನಡೀತಿತ್ತು, ಜನಸಂಖ್ಯೆ ಕುಸಿಯುತ್ತಿದೆ ಅನ್ನೋ ಭಯ ಇತ್ತು. ಆಕೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆ ಗೊಂಬೆಗಳ ಜೊತೆ ಊರೂರು ತಿರುಗಿದಳು. ಆಕೆಯಿಂದ ಕಲಿತ ಹೆಂಗಸರು ಸಾವಿರಾರು.

ನಾನು ಹುಟ್ಟಿದ್ದು ಊರಲ್ಲಿ, ಮನೆಯ ನಡುಕೋಣೆಯಲ್ಲೇ, ಸೂಲಗಿತ್ತಿಯ ಕೈಯಲ್ಲಿ. ಆಕೆ ಕಲಿತದ್ದು ಅತ್ತೆಯ ಹಿಂದೆ ದೀಪ ಹಿಡಿದು ನಿಂತು, ನೋಡಿ ನೋಡಿ. ಆಕೆ ಒಂಟಿಯಾಗಿ ಮಾಡಿಸಿದ ಮೊದಲ ಹೆರಿಗೆ ಯಾರದ್ದು, ಏನಾಯಿತು, ಅದನ್ನ ಊರಲ್ಲಿ ಯಾರೂ ಹೇಳಲ್ಲ.

ಮುಂದಿನ ದೊಡ್ಡ ಹೆಜ್ಜೆ ಬಂದದ್ದು ಆಸ್ಪತ್ರೆಯಿಂದಲ್ಲ, ವಿಮಾನದಿಂದ. ಅಮೆರಿಕದ ಎಡ್ ಲಿಂಕ್ ಎಂಬಾತನ ಮನೆಯವರು ಆರ್ಗನ್ ವಾದ್ಯ ತಯಾರಿಸುವವರು. ವಾದ್ಯದ ತಿದಿಗಳನ್ನೇ ಬಳಸಿ ಆತ 1929ರ ಹೊತ್ತಿಗೆ ನೆಲದ ಮೇಲೇ ಓಲಾಡುವ ವಿಮಾನ ಮಾಡಿದ. ಕೊಳ್ಳುವವರು ಹೆಚ್ಚಿಲ್ಲ. 1934ರಲ್ಲಿ ಅಂಚೆ ಸಾಗಿಸಲು ಹೋದ ಸೇನೆಯ ಪೈಲಟ್‌ಗಳು ಕೆಟ್ಟ ಹವೆಯಲ್ಲಿ ಒಬ್ಬರಾದ ಮೇಲೊಬ್ಬರು ಸತ್ತಾಗ ಸೇನೆ ಆರು ಯಂತ್ರ ಕೊಂಡಿತು. ಪೈಲಟ್ ತಪ್ಪು ಮಾಡಿದರೆ ತಾನೂ ಸಾಯ್ತಾನೆ, ಡಾಕ್ಟರ್ ಸಾಯಲ್ಲ. ವೈದ್ಯಕೀಯ ಇಷ್ಟು ತಡ ಮಾಡಿದ್ದಕ್ಕೆ ಇದೂ ಒಂದು ಕಾರಣ ಅಂತ ನನ್ನ ಗುಮಾನಿ.

1960ರಲ್ಲಿ ನಾರ್ವೆಯ ಆಟಿಕೆ ತಯಾರಕ ಓಸ್ಮುಂಡ್ ಲೆರ್ಡಾಲ್, ಬಾಯಿಗೆ ಬಾಯಿಟ್ಟು ಉಸಿರು ಕೊಡುವುದನ್ನು ಕಲಿಯಲು 'ಆನ್' ಗೊಂಬೆ ತಂದ. ನಿಮ್ಮ ಕಂಪನಿಯ ಪ್ರಥಮ ಚಿಕಿತ್ಸೆ ತರಬೇತಿಯಲ್ಲಿ ಎದೆ ಒತ್ತಿದ ಗೊಂಬೆ ಆಕೆಯ ಮೊಮ್ಮಗಳೇ ಇರಬೇಕು. 1967ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಸ್ಟೀಫನ್ ಅಬ್ರಹಾಂಸನ್ ಮತ್ತು ಜಡ್ಸನ್ ಡೆನ್ಸನ್ ಕಂಪ್ಯೂಟರಿಗೆ ಜೋಡಿಸಿದ 'ಸಿಮ್ ಒನ್' ತೋರಿಸಿದರು. ಅದು ಉಸಿರಾಡುತ್ತೆ, ಕಣ್ಣು ಮಿಟುಕಿಸುತ್ತೆ, ನಾಡಿ ಮಿಡಿಯುತ್ತೆ, ಅರಿವಳಿಕೆ ಮದ್ದಿಗೆ ಪ್ರತಿಕ್ರಿಯೆ ಕೊಡುತ್ತೆ. ಆದರೆ ತುಂಬಾ ದುಬಾರಿ. ತಯಾರಾದದ್ದು ಒಂದೇ ಒಂದು. ನಮ್ಮ ಭಾಷೇಲಿ ಹೇಳೋದಾದರೆ, ಡೆಮೊ ಅದ್ಭುತ, ಪ್ರಾಡಕ್ಟ್ ಆಗಲೇ ಇಲ್ಲ.

1980ರ ದಶಕದ ಕೊನೆಗೆ ಸ್ಟ್ಯಾನ್‌ಫರ್ಡ್‌ನ ಅರಿವಳಿಕೆ ತಜ್ಞ ಡೇವಿಡ್ ಗಾಬಾ ಗೊಂಬೆಯಿಂದ ಕಣ್ಣೆತ್ತಿ ಅದರ ಸುತ್ತ ನಿಂತವರನ್ನು ನೋಡಿದ. 1977ರಲ್ಲಿ ಟೆನೆರೀಫ್ ರನ್‌ವೇ ಮೇಲೆ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತಿದ್ದರು. ಮುಂದಿನ ವಿಮಾನ ದಾರಿ ಬಿಟ್ಟಿಲ್ಲವೇನೋ ಅಂತ ಫ್ಲೈಟ್ ಇಂಜಿನಿಯರ್ ಅನುಮಾನಪಟ್ಟಿದ್ದ, ಹಿರಿಯ ಕ್ಯಾಪ್ಟನ್ ಕಿವಿಗೊಡಲಿಲ್ಲ. ಆಪರೇಷನ್ ಥಿಯೇಟರಿನಲ್ಲಿ ಸರ್ಜನ್ ಮುಂದೆ ನರ್ಸ್ ಬಾಯಿ ಬಿಡದೆ ನಿಲ್ಲುವುದೂ ಇದೇ ಕಾಯಿಲೆ. ವಿಮಾನ ಸಿಬ್ಬಂದಿಗೆ ಕಲಿಸುತ್ತಿದ್ದ ಪಾಠವನ್ನು ಗಾಬಾ ಮತ್ತವನ ಗೆಳೆಯರು ಥಿಯೇಟರಿಗೆ ತಂದರು. ಯಾರು ಯಾವಾಗ ಮಾತಾಡಬೇಕು, ಹೇಗೆ ಮಾತಾಡಬೇಕು ಅನ್ನೋದೂ ಅಭ್ಯಾಸದ ವಿಷಯವಾಯಿತು. ವಿಆರ್ ಇವತ್ತು ನಿಜಕ್ಕೂ ಕೈಹಿಡಿಯುವುದು ಇಲ್ಲೇ ಅಂತ ನನ್ನ ಅಭಿಪ್ರಾಯ. ಕ್ರಮ ತಪ್ಪದಿರುವುದು, ಗಾಬರಿಯಲ್ಲಿ ನಿರ್ಧರಿಸುವುದು, ಬಾಯಿಬಿಟ್ಟು ಹೇಳುವುದು.

1999ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್, ಅಲ್ಲಿನ ಆಸ್ಪತ್ರೆಗಳಲ್ಲಿ ತಪ್ಪುಗಳಿಂದಲೇ ವರ್ಷಕ್ಕೆ 44,000ದಿಂದ 98,000 ಜನ ಸಾಯುತ್ತಾರೆ ಅಂತ ಅಂದಾಜು ಮಾಡಿದ ಮೇಲೆ ಯಾರಿಗೂ ನೆಪ ಉಳಿಯಲಿಲ್ಲ. 2002ರಲ್ಲಿ ಯೇಲ್‌ನವರು 16 ಕಿರಿಯ ಸರ್ಜನ್‌ಗಳ ಮೇಲೆ ಮಾಡಿದ ಅಧ್ಯಯನ ಹೊರಬಂತು. ಅರ್ಧ ಜನಕ್ಕೆ ಮಾಮೂಲಿ ತರಬೇತಿಯ ಜೊತೆ ವಿಆರ್ ಅಭ್ಯಾಸ, ಉಳಿದವರಿಗೆ ಬರೀ ಮಾಮೂಲಿ. ಆಮೇಲೆ ಎಲ್ಲರೂ ನಿಜವಾದ ರೋಗಿಯ ಪಿತ್ತಕೋಶದ ಆಪರೇಷನ್ ಮಾಡಿದರು. ವಿಆರ್ ಗುಂಪು ಆ ಕೆಲಸವನ್ನು 29% ಬೇಗ ಮುಗಿಸಿತು. ಇನ್ನೊಂದು ಗುಂಪಿನವರು ಪಿತ್ತಕೋಶಕ್ಕೆ ಗಾಯ ಮಾಡುವ, ಸುಡಬಾರದ್ದನ್ನು ಸುಡುವ ಸಂಭವ ಐದು ಪಟ್ಟು ಹೆಚ್ಚು.

ನನಗೆ ಮಜಾ ಅನ್ನಿಸಿದ್ದು ಆ ಯಂತ್ರ. ಮಿಸ್ಟ್-ವಿಆರ್ ಅಂತ ಅದರ ಹೆಸರು. ಹೆಡ್‌ಸೆಟ್ ಇಲ್ಲ, ರಕ್ತ ಇಲ್ಲ, ಪಿತ್ತಕೋಶವೂ ಇಲ್ಲ. ಮಾನಿಟರಿನಲ್ಲಿ ಗೋಲಿ ಮತ್ತು ಪೆಟ್ಟಿಗೆಗಳು, ಕೈಯಲ್ಲಿ ಎರಡು ಹಿಡಿಕೆ. ಅಷ್ಟೇ. ಗ್ರಾಫಿಕ್ಸ್ ಚೆನ್ನಾಗಿದ್ದಷ್ಟೂ ಕಲಿಕೆ ಚೆನ್ನಾಗಿರುತ್ತೆ ಅಂತ ನಮ್ಮಂಥ ಇಂಜಿನಿಯರುಗಳು ನಂಬುತ್ತೇವೆ. ಯಾವ ಚಲನೆ ಕೈಗೆ ಕೂರಬೇಕು ಅನ್ನೋದನ್ನು ಇದನ್ನು ಮಾಡಿದವರು ಮೊದಲು ತೀರ್ಮಾನಿಸಿದ್ದರು. ಕುಂಬಳಕಾಯಿ ಕೂಡ ಹೊಟ್ಟೆಯ ಹಾಗೆ ಕಾಣಲ್ಲ ತಾನೆ.

2014ರಲ್ಲಿ ಫೇಸ್‌ಬುಕ್ ಆಕ್ಯುಲಸ್ ಕಂಪನಿಯನ್ನು ಕೊಂಡ ಮೇಲೆ ಹೆಡ್‌ಸೆಟ್ ಸ್ಮಾರ್ಟ್‌ಫೋನ್ ಬೆಲೆಗೆ ಇಳಿಯಿತು. ಸಾಮಾನ್ಯ ಹೆಡ್‌ಸೆಟ್ಟಿನಲ್ಲಿ ಕೈಗೆ ಚರ್ಮದ ಬಿಗಿ ತಿಳಿಯುವುದಿಲ್ಲ, ಸಿಕ್ಕಿಕೊಂಡ ತಲೆಯ ಭಾರ ತಿಳಿಯುವುದಿಲ್ಲ. ಅದಕ್ಕೆ ಇವತ್ತಿಗೂ ಗೊಂಬೆ ಬೇಕು.

ದ್ಯು ಕುದ್ರೇಯ ಗೊಂಬೆಗಳಲ್ಲಿ ಒಂದು ಫ್ರಾನ್ಸಿನ ರುವಾನ್ ನಗರದ ಮ್ಯೂಸಿಯಮ್ಮಿನಲ್ಲಿದೆ. ಎಕ್ಸ್‌ರೇ ತೆಗೆದು ನೋಡಿದರೆ ಅದರೊಳಗೆ ನಿಜವಾದ ಹೆಣ್ಣಿನ ಸೊಂಟದ ಮೂಳೆ. ಆಕೆ ಪಾಠ ಮುಗಿಸಿ ಹೊರಡುವಾಗ ಊರಿಗೊಂದು ಯಂತ್ರ ಉಳಿಯುವಂತೆ ನೋಡಿಕೊಳ್ಳುತ್ತಿದ್ದಳು. ಅದರ ಮೇಲೆ ಪಾಠ ಮುಂದುವರಿಸಲು ಅಲ್ಲಿಯ ಸರ್ಜನ್‌ಗಳಿಗೂ ತಾನೇ ತರಬೇತಿ ಕೊಡುತ್ತಿದ್ದಳು.