ಹೊಲ ಹೋದ ವರ್ಷ

ಫಾರ್ಮ್‌ವಿಲ್‌ ಎಂಬ ಆಟದ ಬಗ್ಗೆ ಬರೆದಿಡುವ ಹುಚ್ಚು ನನಗೆ ಹಿಡಿದದ್ದು 2010ರಲ್ಲಿ. ಆಗ ದಿನಕ್ಕೊಂದು ಪುಟ ತುಂಬುತ್ತಿತ್ತು. 2020ರಲ್ಲಿ ಇಡೀ ವರ್ಷಕ್ಕೆ ಬರೆದದ್ದು 11 ಪುಟ.

ಆಟ ಹುಟ್ಟಿದ್ದು 2009ರ ಜೂನ್‌ನಲ್ಲಿ, ಅಮೆರಿಕದ ಜಿಂಗಾ ಕಂಪನಿಯಲ್ಲಿ. ಅದನ್ನು ಕಟ್ಟಿದ ಮಾರ್ಕ್‌ ಪಿಂಕಸ್‌ ತನ್ನ ನಾಯಿಯ ಹೆಸರನ್ನೇ ಕಂಪನಿಗಿಟ್ಟಿದ್ದ! ಫೇಸ್‌ಬುಕ್ಕಿನೊಳಗೇ ಉಳುವುದು, ಬಿತ್ತುವುದು, ಕೊಯ್ಯುವುದು. ಸ್ಟ್ರಾಬೆರಿಗೆ 4 ಗಂಟೆ ಸಾಕು. ಹೊತ್ತಿಗೆ ಸರಿಯಾಗಿ ಕೊಯ್ಯದಿದ್ದರೆ ಒಣಗುತ್ತಿತ್ತು. ಒಲೆಯ ಮೇಲೆ ಹಾಲಿಟ್ಟವರಂತೆ ಕಾಯುತ್ತಿದ್ದೆವು. 2010ರ ಆರಂಭದಲ್ಲಿ ತಿಂಗಳಿಗೆ 8 ಕೋಟಿಗೂ ಮಿಕ್ಕಿ ಜನ ಆಡುತ್ತಿದ್ದರು. ಅದೇ ವರ್ಷ ಕಂಪನಿ ನಮ್ಮ ಬೆಂಗಳೂರಿನಲ್ಲೂ ಕಚೇರಿ ತೆರೆಯಿತು.

ನೆರೆಯವರಾದವರು ಒಬ್ಬರ ಹೊಲಕ್ಕೊಬ್ಬರು ಗೊಬ್ಬರ ಹಾಕಬಹುದಿತ್ತು. ಅಪ್ಪನ ಎರಡೆಕರೆ ಮಾರಿದ ಮೇಲೆ ಅಕ್ಕನಿಗೂ ನನಗೂ ಮಾತಿರಲಿಲ್ಲ. ಆದರೂ ಪುಣೆಯಲ್ಲಿ ಕುಳಿತು ಅವಳು ನನ್ನ ಹೊಲಕ್ಕೆ ಗೊಬ್ಬರ ಹಾಕುತ್ತಿದ್ದಳು. ನಾನೂ ಅವಳದಕ್ಕೆ ಹಾಕುತ್ತಿದ್ದೆ. ಫೋನಿಲ್ಲ, ಕಾಗದವಿಲ್ಲ, ಗೊಬ್ಬರ ಮಾತ್ರ! ನೋಟ್‌ಪುಸ್ತಕದಲ್ಲಿ ಅದೆಲ್ಲ ತಾರೀಖು ಸಮೇತ ಇದೆ. ಬೆಳೆಯ ಲೆಕ್ಕವೆಂದು ಹೇಳಿಕೊಂಡು ಬರೆದದ್ದು ಅಕ್ಕ ಬಂದುಹೋದ ಲೆಕ್ಕವನ್ನೇ.

ಬರಬರುತ್ತಾ ಜನ ಮೊಬೈಲಿನ ಆಟಗಳಿಗೆ ಹೋದರು. ಇದಕ್ಕೆ ಆಧಾರವಾಗಿದ್ದ ಫ್ಲ್ಯಾಶ್‌ ತಂತ್ರಾಂಶವನ್ನು ಅಡೋಬಿ ಕಂಪನಿ 2020ರ ಕೊನೆಗೆ ಕೈಬಿಟ್ಟಿತು. ಡಿಸೆಂಬರ್‌ 31ಕ್ಕೆ ಆಟವೂ ಮುಚ್ಚಿತು. ಆ ವರ್ಷ ಅಕ್ಕ ಬಂದದ್ದು ಎರಡೇ ಸಲ. 11ನೇ ಪುಟದಲ್ಲಿ ‘ಗೊಬ್ಬರ ಬಂದಿಲ್ಲ’ ಎಂದಷ್ಟೇ ಇದೆ.

ಮರುದಿನ ನಾನೇ ಫೋನ್‌ ಮಾಡಿದೆ.

“ಏನೇ, ಹೊಲ ಹೋಯ್ತಲ್ಲ” ಅಂದಳು.

ಯಾವ ಹೊಲ ಎಂದು ನಾನು ಕೇಳಲಿಲ್ಲ.