ಕಾಲ್ಚೆಂಡು ಬಿಟ್ಟು ಹಾಕಿ ಹಿಡಿದ ಕೊಡಗಿನ ಹುಡುಗ

ಕೊಡಗು ಎಂದೊಡನೆ ನೆನಪಾಗುವುದು ಕಾಫಿ, ಕಿತ್ತಳೆ, ಕಾವೇರಿ. ಕ್ರೀಡೆಯ ಮಾತು ಬಂದರೆ ಹಾಕಿ. ಪಾಂಡಂಡ ಕುಟ್ಟಪ್ಪ ಅವರು 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಮೊದಲ ವರ್ಷ 60 ತಂಡಗಳಿದ್ದವು. 2024ರಲ್ಲಿ ನಾಪೋಕ್ಲುವಿನಲ್ಲಿ ಅವುಗಳ ಸಂಖ್ಯೆ 360ಕ್ಕೆ ಏರಿ, ಹಬ್ಬ ಗಿನ್ನೆಸ್ ದಾಖಲೆಗೆ ಸೇರಿತು. ಇಂಥ ನಾಡಿನಿಂದ ಹೋಗಿ ಭಾರತ ಹಾಕಿ ತಂಡದ ನಾಯಕನಾದವರೊಬ್ಬರು ಹದಿಹರೆಯದಲ್ಲಿ ಕೊಡಗಿನ ಪರ ಆಡಿದ್ದು ಫುಟ್‌ಬಾಲ್ ಎಂದರೆ ಯಾರಿಗೂ ಅಚ್ಚರಿಯಾದೀತು.

ಅವರೇ ಮೊಳ್ಳೇರ ಪೂವಯ್ಯ ಗಣೇಶ್. ಕ್ರೀಡಾಪ್ರೇಮಿಗಳ ಪಾಲಿಗೆ ಎಂ.ಪಿ. ಗಣೇಶ್. ಹುಟ್ಟಿದ್ದು 1946ರ ಜುಲೈ 8ರಂದು. 1960ರಿಂದ 1964ರವರೆಗೆ ಅವರು ಕೊಡಗಿನ ಫುಟ್‌ಬಾಲ್ ಆಟಗಾರ. ಮುಂದೆ ಎರಡೇ ವರ್ಷಗಳಲ್ಲಿ, 1966ರ ಹೊತ್ತಿಗೆ, ಅವರು ಸರ್ವಿಸಸ್ ಹಾಕಿ ತಂಡದಲ್ಲಿದ್ದರು.

ಆಗ ಭಾರತದ ಫುಟ್‌ಬಾಲ್ ಸೊರಗಿತ್ತೆ? ಇಲ್ಲ. ಅದು ನಮ್ಮ ಫುಟ್‌ಬಾಲಿನ ಸುವರ್ಣ ಕಾಲ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ, 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ. ಮೈಸೂರು ರಾಜ್ಯವೂ ಹಿಂದೆ ಬಿದ್ದಿರಲಿಲ್ಲ. 1946-47 ಮತ್ತು 1952-53ರಲ್ಲಿ ಸಂತೋಷ್ ಟ್ರೋಫಿ ಗೆದ್ದಿದ್ದ ತಂಡ 1967-68 ಹಾಗೂ 1968-69ರಲ್ಲಿ ಮತ್ತೆ ಗೆದ್ದಿತು.

ಆದರೆ ಆ ಆಟದ ದಾರಿ ಕೊಡಗಿನ ಮೂಲಕ ಹಾದು ಹೋಗುತ್ತಿರಲಿಲ್ಲ. ಬೆಂಗಳೂರಿನಲ್ಲಿ ಕಾರ್ಖಾನೆಗಳ ತಂಡಗಳಿದ್ದವು, ಲೀಗ್ ಇತ್ತು. ಅದಕ್ಕೂ ಮೀರಿ ಹೆಸರು ಮಾಡಬೇಕಾದರೆ ಕಲ್ಕತ್ತಾ ರೈಲು ಹತ್ತಬೇಕಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಗೋಲು ಹೊಡೆದ ಬೆಂಗಳೂರಿನ ರಾಮನ್ ಮೋಹನ್ ಬಾಗಾನ್ ಸೇರಿದರು. ಅದೇ ಊರಿನ ಅಹ್ಮದ್ ಖಾನ್ ಈಸ್ಟ್ ಬೆಂಗಾಲ್ ಸೇರಿದರು. ಕಾಫಿ ತೋಟಗಳ ನಡುವಿನ ಮೈದಾನದಲ್ಲಿ ಬರಿಗಾಲಲ್ಲಿ ಚೆಂಡು ಒದೆಯುವ ಹುಡುಗನಿಗೆ ಬೆಂಗಳೂರೇ ದೂರ, ಕಲ್ಕತ್ತಾ ಇನ್ನೂ ದೂರ. ಆಟವನ್ನೇ ವೃತ್ತಿಯಾಗಿಸಿಕೊಳ್ಳುವ ಕಾಲವಂತೂ ಅದಲ್ಲ. ದೇಶಕ್ಕೊಂದು ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಬಂದದ್ದೇ 1996ರಲ್ಲಿ.

ಕೊಡಗಿನ ಯುವಕರಿಗೆ ಹತ್ತಿರವಾಗಿದ್ದ ಬಾಗಿಲು ಬೇರೆಯದು, ಅದು ಸೇನೆ. ಕಾರ್ಯಪ್ಪ, ತಿಮ್ಮಯ್ಯ ಅವರಂಥ ದಂಡನಾಯಕರನ್ನು ಕೊಟ್ಟ ನಾಡಿನಲ್ಲಿ ಸೇನೆಗೆ ಸೇರುವುದು ಮನೆತನದ ರೂಢಿ. ಅಲ್ಲಿ ಸಂಬಳವಿತ್ತು, ಮೈದಾನವಿತ್ತು, ದಿನವೂ ಅಭ್ಯಾಸಕ್ಕೆ ಅವಕಾಶವಿತ್ತು. ಚೆನ್ನಾಗಿ ಆಡಿದವನಿಗೆ ಸರ್ವಿಸಸ್ ತಂಡದ ಮೂಲಕ ರಾಷ್ಟ್ರೀಯ ಪಂದ್ಯಾವಳಿಯೂ ದಕ್ಕುತ್ತಿತ್ತು.

ಹಾಗಾದರೆ ಕಾಲಿನ ಆಟ ಕಲಿತವನು ಕೋಲಿನ ಆಟಕ್ಕೆ ಹೊಂದಿಕೊಂಡದ್ದು ಹೇಗೆ? ಆ ಕಾಲದ ಎರಡೂ ಆಟಗಳ ವ್ಯೂಹ ನೋಡಿದರೆ ಇದು ಅರ್ಥವಾಗುತ್ತದೆ. ಎರಡರಲ್ಲೂ ಹನ್ನೊಂದು ಮಂದಿ. ಹಾಕಿಯಲ್ಲಿ ಐವರು ಫಾರ್ವರ್ಡ್‌ಗಳು, ಮೂವರು ಹಾಫ್‌ಗಳು, ಇಬ್ಬರು ಬ್ಯಾಕ್‌ಗಳು ಎಂಬ ಹಂಚಿಕೆ ಹಳೆಯ ಫುಟ್‌ಬಾಲಿನದೇ. ಹಾಕಿಯಲ್ಲಿ 1990ರ ದಶಕದವರೆಗೂ ಆಫ್‌ಸೈಡ್ ನಿಯಮವಿತ್ತು. ಹೀಗಾಗಿ ಖಾಲಿ ಜಾಗ ಗುರುತಿಸುವುದು, ಎದುರಾಳಿಯ ಬೆನ್ನ ಹಿಂದೆ ತಕ್ಕ ಹೊತ್ತಿಗೆ ನುಗ್ಗುವುದು ಮುಂತಾದ ಫಾರ್ವರ್ಡ್ ಆಟಗಾರನ ವಿದ್ಯೆ ಎರಡಕ್ಕೂ ಒಂದೇ. ಹೊಸದಾಗಿ ಪಳಗಬೇಕಾದದ್ದು ಮಣಿಕಟ್ಟು.

ಗಣೇಶ್ ಬೇಗನೆ ಪಳಗಿದರು. 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ, 1971ರ ಬಾರ್ಸಿಲೋನಾ ವಿಶ್ವಕಪ್‌ನಲ್ಲಿ ಕಂಚು, 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಮತ್ತೆ ಕಂಚು. 1973ರಲ್ಲಿ ಹಾಲೆಂಡಿನ ಆಮ್‌ಸ್ಟೆಲ್‌ವೀನ್‌ನಲ್ಲಿ ನಡೆದ ವಿಶ್ವಕಪ್‌ಗೆ ಅವರೇ ನಾಯಕ. ಫೈನಲ್‌ನಲ್ಲಿ ಸುರ್ಜಿತ್ ಸಿಂಗ್ ಆರಂಭದಲ್ಲೇ ಎರಡು ಗೋಲು ಗಳಿಸಿದರು. ಆತಿಥೇಯರು ಸಮ ಮಾಡಿಕೊಂಡರು. ಹೆಚ್ಚುವರಿ ಸಮಯದಲ್ಲಿ ಭಾರತಕ್ಕೆ ಸಿಕ್ಕ ಪೆನಾಲ್ಟಿ ಸ್ಟ್ರೋಕ್ ಹೊಡೆಯಲು ನಿಂತವರೂ ಕೊಡಗಿನವರೇ, ಸೋಮವಾರಪೇಟೆಯ ಬಿ.ಪಿ. ಗೋವಿಂದ. ಅದು ಗೋಲಾಗಲಿಲ್ಲ. ಕೊನೆಗೆ ಟೈಬ್ರೇಕರ್‌ನಲ್ಲಿ ಕಪ್ ಹಾಲೆಂಡಿನ ಪಾಲಾಯಿತು. 1975ರಲ್ಲಿ ಭಾರತ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಗೆದ್ದಾಗ ಗೋವಿಂದ ತಂಡದಲ್ಲಿದ್ದರು, ಗಣೇಶ್ ಇರಲಿಲ್ಲ. 1973ರಲ್ಲಿ ಅರ್ಜುನ ಪ್ರಶಸ್ತಿ ಪಡೆದಿದ್ದ ಗಣೇಶ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು.

ಗಣೇಶ್ ಬಂದದ್ದರಿಂದ ಹಾಕಿಗೆ ಆದ ಲಾಭವನ್ನು ಪದಕಗಳಲ್ಲಿ ಎಣಿಸಬಹುದು. ಫುಟ್‌ಬಾಲಿಗೆ ಆದ ನಷ್ಟವನ್ನು ಎಣಿಸುವ ಬಗೆಯಿಲ್ಲ. 1969ರ ನಂತರ ಕರ್ನಾಟಕ ಮತ್ತೆ ಸಂತೋಷ್ ಟ್ರೋಫಿ ಎತ್ತಿದ್ದು 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ. ನಡುವೆ 54 ವರ್ಷಗಳು ಕಳೆದಿದ್ದವು. ಅಷ್ಟು ವರ್ಷಗಳಲ್ಲಿ ರಾಜ್ಯದ ಹಳ್ಳಿ ಮೈದಾನಗಳಲ್ಲಿ ಚೆಂಡು ಒದ್ದ ಹುಡುಗರು ಕಡಿಮೆಯಿರಲಿಲ್ಲ. ಗಣೇಶ್ ಅವರಿಗೆ ಒಂದು ಬಾಗಿಲು ಮುಚ್ಚಿದ್ದರೂ ಇನ್ನೊಂದು ಹತ್ತಿರದಲ್ಲೇ ತೆರೆದಿತ್ತು. ಎರಡೂ ಮುಚ್ಚಿದ್ದವರ ಹೆಸರು ಯಾವ ದಾಖಲೆಯಲ್ಲೂ ಉಳಿದಿಲ್ಲ.