ಬ್ರಹ್ಮಗಿರಿ–ನಾಗರಹೊಳೆ ಗಡಿಕಾಡು

ಕೊಡಗು ಜಿಲ್ಲೆಯ ಸಿದ್ದಾಪುರದ ಮಗ್ಗುಲಿನ ದುಬಾರೆ, ಮಾಲ್ದಾರೆ, ದೇವಮಚ್ಚಿ ಕಾಡುಗಳಿಂದ ಮೊದಲಾಗಿ ತಿತಿಮತಿ, ನಾಗರಹೊಳೆ, ಕುಟ್ಟಗಳ ಮೂಲಕ ಕೇರಳದ ವಯನಾಡಿನ ತೋಲ್ಪೆಟ್ಟಿ, ತಿರುನೆಲ್ಲಿಗಳಿಗೂ, ಪಶ್ಚಿಮದಲ್ಲಿ ಬ್ರಹ್ಮಗಿರಿ ಸಾಲಿನಗುಂಟ ಕಣ್ಣೂರು ಜಿಲ್ಲೆಯ ಆರಳಂವರೆಗೂ ಹಬ್ಬಿರುವ ಅರಣ್ಯ ಪ್ರದೇಶ. ಇದರ ನಾಗರಹೊಳೆ ಮತ್ತು ವಯನಾಡು ಭಾಗಗಳು ನೀಲಗಿರಿ ಜೀವಗೋಳ ಮೀಸಲು ಪ್ರದೇಶದ ಉತ್ತರ ತುದಿ. ಕರ್ನಾಟಕ, ಕೇರಳ, ತಮಿಳುನಾಡುಗಳ 5520 ಚದರ ಕಿ.ಮೀ. ವ್ಯಾಪ್ತಿಯ ಆ ಮೀಸಲು 1986ರಲ್ಲಿ ಘೋಷಣೆಯಾಯಿತು. ಭಾರತದಲ್ಲಿ ಅಂಥದ್ದು ಅದೇ ಮೊದಲು. ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ವನ್ಯಧಾಮಗಳೂ ಪಡಿನಾಲ್ಕುನಾಡು, ಕೆರ್ಟಿ ಮೀಸಲು ಅರಣ್ಯಗಳೂ ಆರಳಂ ಜೊತೆಗೂಡಿ 2012ರಲ್ಲಿ ಪಶ್ಚಿಮ ಘಟ್ಟಗಳ ವಿಶ್ವ ಪರಂಪರೆಯ ತಾಣಗಳ ಪಟ್ಟಿಯಲ್ಲಿ ‘ತಲಕಾವೇರಿ ಗುಚ್ಛ’ ಎಂದು ಸೇರಿದವು. ರಾಜ್ಯದ ಗೆರೆಯನ್ನು ಲೆಕ್ಕಕ್ಕೆ ಹಿಡಿಯದೆ ಕಾಡನ್ನು ಕಾಡಾಗಿಯೇ ಎಣಿಸಿದ ಅಪರೂಪದ ಸರ್ಕಾರಿ ಕಾಗದಗಳಲ್ಲಿ ಅದೂ ಒಂದು.

ಪಶ್ಚಿಮದ ಮಾಕುಟ್ಟ, ಬ್ರಹ್ಮಗಿರಿಗಳಲ್ಲಿ ಮಳೆ ಬಿಡುವಿಲ್ಲದೆ ಸುರಿಯುತ್ತದೆ. ಅಲ್ಲಿ ಧೂಪ, ನಾಗಸಂಪಿಗೆಗಳ ನಿತ್ಯಹರಿದ್ವರ್ಣ ಕಾಡು. ಬೆಟ್ಟದ ನೆತ್ತಿಯಲ್ಲಿ ಹುಲ್ಲು, ಕಣಿವೆಯಲ್ಲಿ ಶೋಲಾ. ಪೂರ್ವಕ್ಕೆ ನಡೆದಷ್ಟೂ ಮಳೆ ಇಳಿಯುತ್ತದೆ. ನಾಗರಹೊಳೆಯ ನಡುಭಾಗ ತೇಗ, ಮತ್ತಿ, ಹೊನ್ನೆ, ಬೀಟೆ, ನಂದಿಗಳ ಎಲೆಯುದುರುವ ಕಾಡು. ಕಬಿನಿಯ ದಡ ತಲುಪುವಾಗ ಕುರುಚಲು, ಮುಳ್ಳು. ಮರಗಳಿಗಿಂತ ಹೆಚ್ಚಾಗಿ ಈ ಕಾಡಿನ ಜೀವಾಳವೆಂದರೆ ಹಡ್ಲುಗಳು. ಮರಗಳ ನಡುವೆ ತಗ್ಗಿನಲ್ಲಿ ನೀರು ನಿಂತು ಜವುಗಾದ ಹುಲ್ಲಿನ ಬಯಲುಗಳಿವು. ವಯನಾಡಿನವರು ಇವನ್ನೇ ವಯಲ್ ಎನ್ನುತ್ತಾರೆ. ಮಾರ್ಚಿಯಲ್ಲಿ ಸುತ್ತಲ ಕಾಡು ಒಣಗಿ ಬೆಂಕಿಗೆ ಕಾದಂತೆ ನಿಂತಿರುವಾಗಲೂ ಹಡ್ಲಿನ ಮಣ್ಣು ಕಾಲಿಗೆ ತಣ್ಣಗಿರುತ್ತದೆ, ಹುಲ್ಲು ಹಸಿರಾಗಿರುತ್ತದೆ. ಕಾಟಿ, ಚುಕ್ಕೆ ಜಿಂಕೆ, ಆನೆಗಳು ಅಲ್ಲಿಗೇ ಇಳಿಯುತ್ತವೆ, ಅವುಗಳ ಹಿಂದೆ ಹುಲಿ. 2022ರ ಅಂದಾಜಿನಲ್ಲಿ ನಾಗರಹೊಳೆಯ ಹುಲಿಗಳು 141. 2023ರ ಗಣತಿಯಲ್ಲಿ ಆನೆಗಳು 831.

ನೀರಿನ ಹಾದಿಯೂ ಗಡಿಯ ಮಾತು ಕೇಳಿಲ್ಲ. ಕಬಿನಿ ವಯನಾಡಿನಲ್ಲಿ ಹುಟ್ಟಿ ಪೂರ್ವಕ್ಕೆ ಹರಿದು ಕರ್ನಾಟಕಕ್ಕೆ ಬರುತ್ತದೆ. ಬ್ರಹ್ಮಗಿರಿಯ ಈಚೆ ಮಗ್ಗುಲಲ್ಲಿ ಇರ್ಪು ಜಲಪಾತವಾಗಿ ಧುಮುಕುವ ಲಕ್ಷ್ಮಣತೀರ್ಥ ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಸೇರುತ್ತದೆ. ಅದೇ ಬೆಟ್ಟದ ಆಚೆ ಮಗ್ಗುಲಲ್ಲಿ ತಿರುನೆಲ್ಲಿಯ ವಿಷ್ಣು ದೇವಾಲಯ, ಪಾಪನಾಶಿನಿ ತೊರೆ, ಮತ್ತು ಬೆಟ್ಟದ ನೀರನ್ನು ಗುಡಿಗೆ ತರುವ, ಕಂಬಗಳ ಮೇಲೆ ನಿಲ್ಲಿಸಿದ ಕಲ್ಲಿನ ದೋಣಿ. ಈಚೆ ಇರ್ಪುವಿನಲ್ಲಿ ರಾಮೇಶ್ವರ. ಹಿರಿಯರಿಗೆ ಪಿಂಡ ಹಾಕಲು ಕೊಡವರು ತಿರುನೆಲ್ಲಿಗೆ ಹೋಗಿಬರುವ ರೂಢಿ ರಾಜ್ಯಗಳು ಹುಟ್ಟುವುದಕ್ಕೆ ಎಷ್ಟೋ ಹಿಂದಿನದು.

ಪ್ರಾಚೀನ ಕುರುಹುಗಳು. ಕೊಡಗಿನ ಕಾಡು, ಗದ್ದೆಗೆ ಸೇರಿದ ಬಾಣೆ ಜಾಗಗಳಲ್ಲಿ ಪಾಂಡುಪಾರೆ ಎನ್ನುವ ಕಲ್ಲುಗೋರಿಗಳೂ ಕೋಲೆಕಲ್ಲು ಎನ್ನುವ ವೀರಗಲ್ಲುಗಳೂ ಸಿಗುತ್ತವೆ. ಗಂಗರ ಕಾಲದ 888ರ ಬಿಳಿಯೂರು ಶಾಸನ, 978ರ ಪೆಗ್ಗೂರು ಶಾಸನಗಳು ಇಲ್ಲಿನ ಹಳೆಯ ಕನ್ನಡ ಬರಹಗಳು. ಪೆಗ್ಗೂರಿನ ಕಲ್ಲಿನಲ್ಲಿ ಶ್ರವಣಬೆಳಗೊಳದ ಜೈನ ಗುರುವೊಬ್ಬರಿಗೆ ಊರನ್ನು ಬಿಟ್ಟುಕೊಟ್ಟ ದಾಖಲೆಯಿದೆ. ಲೂಯಿ ರೈಸ್ ಇವನ್ನೆಲ್ಲ 1886ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೊದಲ ಸಂಪುಟವಾಗಿ ಹೊರತಂದರು. ಕಾಡಂಚು ಎಂದರೆ ಜನವಸತಿಯಿಲ್ಲದ ಕೊನೆ ಎಂದು ಭಾವಿಸುವವರು ಈ ಎರಡು ಕಲ್ಲುಗಳನ್ನು ನೆನಪಿಡಬೇಕು: ಸಾವಿರ ವರ್ಷದ ಹಿಂದೆಯೇ ಇಲ್ಲಿ ದಾನ ಕೊಡಲು ಊರುಗಳಿದ್ದವು, ಗಡಿ ಬರೆಯಲು ಲಿಪಿಕಾರರಿದ್ದರು.

ಕಾಡಿನ ಜನ. ಜೇನುಕುರುಬ, ಬೆಟ್ಟಕುರುಬ, ಪಣಿಯರವ, ಪಂಜಿರಿ ಯರವರು ಇಲ್ಲಿನ ಮೂಲನಿವಾಸಿಗಳು. ಕೊಡಗಿನಲ್ಲಿ ಪಂಜಿರಿ ಯರವರೆಂದು ಕರೆಸಿಕೊಳ್ಳುವವರೇ ವಯನಾಡಿನಲ್ಲಿ ಅಡಿಯರು. ತಮ್ಮೊಳಗೆ ಅವರು ರಾವುಲರು. ಇವರ ಮತ್ತು ಪಣಿಯರವರ ಹಳೆಯ ಬದುಕು ಜೀತದ್ದು. ಮಾನಂದವಾಡಿ ಬಳಿಯ ವಳ್ಳಿಯೂರ್‌ಕಾವು ಭಗವತಿಯ ಜಾತ್ರೆಯಲ್ಲಿ ಭೂಮಾಲೀಕರು ದೇವಿಯ ಎದುರಿಗೇ ಮುಂಗಡ ಹಣ ಕೊಟ್ಟು ಒಂದು ವರ್ಷದ ದುಡಿಮೆಗೆ ಆಳುಗಳನ್ನು ಕಟ್ಟಿಹಾಕುತ್ತಿದ್ದರು. ಕೊಟ್ಟ ಮಾತು ದೇವಿಯ ಮುಂದಿನದ್ದು, ಹಾಗಾಗಿ ಓಡಿಹೋಗುವಂತಿಲ್ಲ. ಆ ಜಾತ್ರೆಯ ವ್ಯಾಪಾರ ಇಪ್ಪತ್ತನೆಯ ಶತಮಾನದಲ್ಲೂ ನಡೆದಿತ್ತು. ಜೀತ ಪದ್ಧತಿ ನಿಷೇಧ ಕಾಯಿದೆ ಬಂದದ್ದು 1976ರಲ್ಲಿ.

ಜೇನುಕುರುಬರದು ಬೇರೆ ದಾರಿ. ಹೆಜ್ಜೇನು ಇಳಿಸುವ ಕೈಚಳಕದ ಜೊತೆಗೆ ಆನೆಯ ಮರ್ಮ ಬಲ್ಲವರು. ಕಾಡಾನೆಯನ್ನು ಹಿಡಿಯುವ, ಕ್ರಾಲ್ ಎನ್ನುವ ಮರದ ದಿಮ್ಮಿಗಳ ದೊಡ್ಡಿಯಲ್ಲಿಟ್ಟು ಹಾಡಿ, ಮಾತಾಡಿ, ಬೆಲ್ಲ ತಿನ್ನಿಸಿ ಪಳಗಿಸುವ ವಿದ್ಯೆ ಅವರ ಮನೆತನಗಳಲ್ಲೇ ಇಳಿದುಬಂದಿದೆ. ದುಬಾರೆ, ಮತ್ತಿಗೋಡು ಶಿಬಿರಗಳ ಮಾವುತರು, ಕಾವಾಡಿಗಳಲ್ಲಿ ಅವರೇ ಹೆಚ್ಚು. 2020ರಿಂದ ಮೈಸೂರು ದಸರೆಯ ಚಿನ್ನದ ಅಂಬಾರಿ ಹೊರುತ್ತಿರುವ ಅಭಿಮನ್ಯು ಮತ್ತಿಗೋಡಿನ ಆನೆ. ಅರಮನೆಯ ವೈಭವಕ್ಕೆ ಬೆನ್ನು ಕೊಡುವ ಆನೆಯನ್ನು ಸಾಕಿದವರ ಹಾಡಿಗಳಲ್ಲಿ, ಅಂದರೆ ಕಾಡಿನ ವಸತಿಗಳಲ್ಲಿ, ಹಕ್ಕುಪತ್ರಕ್ಕಾಗಿ ಅರ್ಜಿ ಹಿಡಿದು ಕಾಯುವವರು ಇನ್ನೂ ಇದ್ದಾರೆ ಎಂಬುದನ್ನೂ ಇಲ್ಲಿ ಹೇಳಲೇಬೇಕು.

ಪ್ರತಿ ವರ್ಷ ಮೇ ತಿಂಗಳ ನಾಲ್ಕನೆಯ ಗುರುವಾರ ಗೋಣಿಕೊಪ್ಪ ಸಮೀಪದ ದೇವರಪುರದಲ್ಲಿ ಈ ಕಾಡಿನ ಜನರ ಕುಂಡೆ ಹಬ್ಬ. ಗಂಡಸರು ಸೀರೆ ಉಟ್ಟು, ಮುಖಕ್ಕೆ ಬಣ್ಣ ಬಳಿದು, ಪ್ಲಾಸ್ಟಿಕ್ ಡಬ್ಬ, ಸೋರೆಬುರುಡೆ ಬಡಿಯುತ್ತ, ಎದುರಾದವರನ್ನೆಲ್ಲ ಬೈಯುತ್ತ, ಕಾಸು ಕೇಳುತ್ತ ಬರುತ್ತಾರೆ. ತೋಟದ ಧಣಿಯಾದರೂ ಸರಿ, ಪೊಲೀಸರಾದರೂ ಸರಿ, ಅಂದು ಬೈಗುಳ ಕೇಳಿಸಿಕೊಂಡೇ ಹೋಗಬೇಕು. ಅಸಲು ಬೈಗುಳ ಮಾತ್ರ ದೇವರಿಗೆ. ಬೇಟೆಗೆಂದು ತಮ್ಮನ್ನು ಕಾಡಿಗೆ ಕರೆತಂದ ಅಯ್ಯಪ್ಪ, ನಡುದಾರಿಯಲ್ಲಿ ಕೈಬಿಟ್ಟು ಭದ್ರಕಾಳಿಯ ಜೊತೆ ಹೊರಟುಹೋದನೆಂಬುದು ಅವರ ದೂರು. ಸಂಜೆ ಗುಡಿಯಲ್ಲಿ ಹರಕೆ ಸಲ್ಲಿಸಿ ತಪ್ಪಾಯಿತೆಂದು ಬೇಡುವುದೂ ಉಂಟು.

ಕೊಡಗಿನ ಊರೂರಿಗೂ ಇರುವ ದೇವರಕಾಡುಗಳು ಈ ಪರಂಪರೆಯ ಇನ್ನೊಂದು ಎಳೆ. ಜಿಲ್ಲೆಯಲ್ಲಿ ಇವು 1200ಕ್ಕೂ ಹೆಚ್ಚು. ಉಳಿದಿರುವ ವಿಸ್ತೀರ್ಣ ಸುಮಾರು 2500 ಹೆಕ್ಟೇರ್. ಹಲವು ದೇವರಕಾಡುಗಳ ಸುತ್ತಲಿನ ಮರ ಹೋಗಿ, ಕಾಫಿ ಬಂದು, ಈಗ ಗುಡಿಯ ಆಸುಪಾಸಿನ ಒಂದೆರಡು ಎಕರೆಯಷ್ಟೇ ನಿಂತಿದೆ.

ಅರಸರ ಗಡಿ. ಹಾಲೇರಿ ಅರಸರ ಕೊಡಗಿಗೂ ಮೈಸೂರಿಗೂ ನಡುವೆ ಈ ಕಾಡೇ ಕೋಟೆಯಾಗಿತ್ತು. ಬೆಟ್ಟದ ಏಣುಗಳ ಮೇಲೆ, ಕಾಡಿನೊಳಗೆ ಮೈಲಿಗಟ್ಟಲೆ ತೋಡಿದ ಕಡಂಗಗಳು—ಆಳದ ಕಂದಕ, ಬದಿಯಲ್ಲಿ ಎತ್ತರದ ಮಣ್ಣಿನ ದಿಬ್ಬ—ಇಂದಿಗೂ ಅಲ್ಲಲ್ಲಿ ಕಾಣುತ್ತವೆ. 1799ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬೊಂಬಾಯಿ ಸೈನ್ಯ ಕಣ್ಣೂರಿನಿಂದ ಘಟ್ಟ ಹತ್ತಿ ಶ್ರೀರಂಗಪಟ್ಟಣದತ್ತ ಹೊರಟಾಗ, ಪಿರಿಯಾಪಟ್ಟಣದ ಪಶ್ಚಿಮಕ್ಕೆ ಗಡಿಯಲ್ಲಿರುವ ಸಿದ್ದೇಶ್ವರದ ಗುಡ್ಡ ಅದರ ಮುಂದಿನ ಠಾಣೆಯಾಗಿತ್ತು. ಮಾರ್ಚಿ 5ರಂದು ಆ ಗುಡ್ಡದ ಮೇಲಿನಿಂದ ನೋಡಿದವರಿಗೆ ಬಯಲಿನಲ್ಲಿ ಗುಡಾರಗಳು ಎದ್ದಿರುವುದು, ಅವುಗಳ ನಡುವೆ ಹಸಿರು ಬಣ್ಣದ ದೊಡ್ಡದೊಂದು ಗುಡಾರ ಇರುವುದು ಕಂಡಿತು. ಬಂದಿದ್ದವನು ಟಿಪ್ಪು. ಮರುದಿನ ಬೆಳಗ್ಗೆ ಅವನ ಪಡೆ ದಟ್ಟ ಕಾಡಿನ ಮರೆಯಲ್ಲಿ ನುಸುಳಿ ಠಾಣೆಯನ್ನು ಹಿಂದೆ ಮುಂದೆ ಎರಡೂ ಕಡೆಯಿಂದ ಮುತ್ತಿತು. ಕಾಡು ಕೊಟ್ಟ ಆ ಅನುಕೂಲ ಸಾಕಾಗಲಿಲ್ಲ. ಸಂಜೆಯೊಳಗೆ ಅವನು ಹಿಮ್ಮೆಟ್ಟಿದ, ಎರಡು ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು. ಕಾಳಗದಲ್ಲಿ ಕಂಪನಿಯ ಪಕ್ಷ ವಹಿಸಿದ್ದ ಕೊಡಗಿನ ಅರಸ ದೊಡ್ಡವೀರರಾಜೇಂದ್ರನ ವಂಶದ ಕೈಯಿಂದ ಅದೇ ಕಂಪನಿ 1834ರಲ್ಲಿ ಕೊಡಗನ್ನು ಕಿತ್ತುಕೊಂಡಿತು. ಗಡಿಯಾಚೆ ವಯನಾಡಿನಲ್ಲಿ ಕುರಿಚ್ಯ, ಕುರುಮರ ಬೆಂಬಲದಿಂದ ಕಂಪನಿಗೆ ಎದುರು ನಿಂತ ಪಳಶ್ಶಿರಾಜ 1805ರ ನವೆಂಬರ್ 30ರಂದು ಮಡಿದದ್ದೂ ಮೈಸೂರು ಸೀಮೆಗೆ ತಾಗಿದ ಕಾಡಿನಲ್ಲೇ.

ಬಿದಿರು ಹೋಗಿ ಕಾಫಿ. 1854ರಲ್ಲಿ ಮಡಿಕೇರಿ ಬಳಿ ಫೌಲರ್ ಎಂಬಾತ ಮೊದಲ ಯುರೋಪಿಯನ್ ಕಾಫಿ ತೋಟ ಹಾಕಿದ. 1860ರ ದಶಕದಲ್ಲಿ ಕಾಂಡಕೊರಕ ಹುಳು ಬಯಲಿಗೆ ಒಡ್ಡಿದ ತೋಟಗಳನ್ನು ಮುಗಿಸುತ್ತಿದ್ದಂತೆ, ನೆರಳಿನಲ್ಲಿ ಬೆಳೆದ ಕಾಫಿಯೇ ಉಳಿಯುವುದೆಂದು ತೋಟಗಾರರಿಗೆ ಮನವರಿಕೆಯಾಯಿತು. ಆಗ ಅವರ ಕಣ್ಣು ಬಿದ್ದದ್ದು ಸಿದ್ದಾಪುರ, ಪಾಲಿಬೆಟ್ಟ ಸೀಮೆಯ ಮೇಲೆ. ಬಿದಿರಿನ ಮೆಳೆಗಳಿಂದ ತುಂಬಿದ್ದ ಈ ಭಾಗವನ್ನು ಅವರು ‘ಬ್ಯಾಂಬೂ’ ಎಂದೇ ಕರೆಯುತ್ತಿದ್ದರು. ಪಾಲಿಬೆಟ್ಟದ ಕ್ಲಬ್ಬಿಗೆ ಇಂದಿಗೂ ಅದೇ ಹೆಸರು. ಬಿದಿರು ಆನೆಯ ಮುಖ್ಯ ಮೇವು. ಮೆಳೆ ಕಡಿದು ಕಾಫಿ ನೆಟ್ಟರೂ ಮೇಲಿನ ದೊಡ್ಡ ಮರಗಳನ್ನು ನೆರಳಿಗೆಂದು ಬಿಟ್ಟರು, ಹಲಸು ನೆಟ್ಟರು, ನೀರಿಗೆ ಕೆರೆ ತೋಡಿದರು. ಆನೆಯ ಮಟ್ಟಿಗೆ ಅಲ್ಲಿ ಕಡಿಮೆಯಾದದ್ದು ಬಿದಿರೊಂದೇ. ಇಂದಿನ ಸಂಘರ್ಷದ ಬೇರು ಇಲ್ಲಿದೆ ಎಂದು ಈ ಲೇಖಕನ ಅಭಿಪ್ರಾಯ. ಕಾಡಿನಲ್ಲಿ ಉಳಿದಿದ್ದ ಬಿದಿರು 2010ರ ಆಚೀಚೆ ಒಟ್ಟಿಗೆ ಹೂಬಿಟ್ಟು, ಬಿದಿರಕ್ಕಿ ಸುರಿಸಿ ಸತ್ತಿತು. ಆ ಜಾಗಕ್ಕೆ ಲಂಟಾನ ನುಗ್ಗಿದೆ, ವಯನಾಡಿನ ಕಡೆಯಿಂದ ಹಳದಿ ಹೂವಿನ ಸೆನ್ನಾ ಬರುತ್ತಿದೆ. ಎರಡನ್ನೂ ಆನೆ ಮೂಸುವುದಿಲ್ಲ.

ಮೀಸಲು, ಅಭಯಾರಣ್ಯ, ಅಣೆಕಟ್ಟು. ಸ್ವಾತಂತ್ರ್ಯ ಬಂದಾಗ ಈ ಕಾಡು ಮೂರು ಆಡಳಿತಗಳ ಕೈಯಲ್ಲಿತ್ತು: ಪೂರ್ವಭಾಗ ಮೈಸೂರು ಸಂಸ್ಥಾನದ್ದು, ನಡುಭಾಗ ಕೊಡಗಿನದು, ವಯನಾಡು ಮದರಾಸು ಪ್ರಾಂತ್ಯದ ಮಲಬಾರ್ ಜಿಲ್ಲೆಯದು. ಕೊಡಗು ಇನ್ನೂ ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾಗಿದ್ದ ಪ್ರತ್ಯೇಕ ರಾಜ್ಯವಾಗಿದ್ದಾಗ, 1955ರಲ್ಲಿ, ಅರಕೇರಿ, ಹಟ್ಟಿಗಟ್ಟು, ನಾಲ್ಕೇರಿ ಕಾಡುಗಳನ್ನು ಸೇರಿಸಿ ನಾಗರಹೊಳೆ ಅಭಯಧಾಮ ಮಾಡಿತು. ಮರುವರ್ಷ ಕೊಡಗು ಮೈಸೂರಿನಲ್ಲಿ ವಿಲೀನವಾಯಿತು, ವಯನಾಡು ಕೇರಳಕ್ಕೆ ಹೋಯಿತು. ಆಮೇಲೆ ಮೈಸೂರು ಕಡೆಯ ಕಾಡುಗಳೂ ಕೂಡಿ ನಾಗರಹೊಳೆ 643 ಚ.ಕಿ.ಮೀ. ರಾಷ್ಟ್ರೀಯ ಉದ್ಯಾನವಾಗಿ ಬೆಳೆಯಿತು; 1999ರಲ್ಲಿ ಹುಲಿ ಯೋಜನೆಗೆ ಸೇರಿತು. ವಯನಾಡು ವನ್ಯಧಾಮ 1973ರದು, ಬ್ರಹ್ಮಗಿರಿ 1974ರದು.

ಕಬಿನಿ ದಡದ ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ, ಅಂದರೆ ಕಾಡಾನೆಯ ಹಿಂಡನ್ನು ಅಟ್ಟಿ ಹಿಡಿಯುವ ಕಾರ್ಯ, ನಡೆದದ್ದು 1971ರಲ್ಲಿ. ಮೂರೇ ವರ್ಷದಲ್ಲಿ ಬೀಚನಹಳ್ಳಿಯ ಕಬಿನಿ ಅಣೆಕಟ್ಟು ಮುಗಿದು, ಖೆಡ್ಡಾ ನಡೆಯುತ್ತಿದ್ದ ಕಾಡು, ಹಾಡಿಗಳು ನೀರಿನಡಿ ಸೇರಿದವು. ಈಗ ಬೇಸಿಗೆಯಲ್ಲಿ ಹಿನ್ನೀರು ಇಳಿದಲ್ಲಿ ಚಿಗುರುವ ಹುಲ್ಲಿಗೆ ಮೂರೂ ರಾಜ್ಯಗಳ ಕಾಡುಗಳಿಂದ ಆನೆಗಳು ಇಳಿಯುತ್ತವೆ, ಪ್ರವಾಸಿಗರು ಕ್ಯಾಮೆರಾ ಹಿಡಿದು ಬರುತ್ತಾರೆ. ಮುಳುಗಿದ ಊರುಗಳ ಹೆಸರು ದೋಣಿ ಸಫಾರಿಯಲ್ಲಿ ಕೇಳಸಿಗುವುದು ಕಡಿಮೆ.

ನಾಗರಹೊಳೆಯ ಕಾವಲನ್ನು ಬಿಗಿಗೊಳಿಸಿದವರು ಕೊಡಗಿನವರೇ ಆದ ವಲಯಾರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪ. ಹುಲಿಯ ಪಟ್ಟೆಗಳನ್ನು ಕ್ಯಾಮೆರಾ ಬಲೆಯಲ್ಲಿ ಸೆರೆಹಿಡಿದು ಸಂಖ್ಯೆ ಅಂದಾಜಿಸುವ ವಿಧಾನವನ್ನು ಉಲ್ಲಾಸ ಕಾರಂತರು ರೂಪಿಸಿದ್ದೂ ಇದೇ ಕಾಡಿನಲ್ಲಿ, 1990ರ ದಶಕದಲ್ಲಿ. ಕಾವಲಿನ ಬೆಲೆ ತೆತ್ತವರೂ ಇದ್ದರು. ಬೇಟೆಗಾರನೆಂಬ ಹಣೆಪಟ್ಟಿ, ಬೆಂಕಿಯ ಆರೋಪ, ಎತ್ತಂಗಡಿ ಇವೆಲ್ಲ ಹಾಡಿಗಳ ಪಾಲಿಗೆ ಬಂದವು. ಮೂರ್ಕಲ್‌ನಲ್ಲಿ ಕಾಡಿನ ನಡುವೆಯೇ ಐಷಾರಾಮಿ ರೆಸಾರ್ಟ್ ಕಟ್ಟುವ ಯತ್ನಕ್ಕೆ ಬುಡಕಟ್ಟು ಸಂಘಟನೆಗಳು ಎದುರು ನಿಂತು, 1997ರಲ್ಲಿ ಹೈಕೋರ್ಟಿನಲ್ಲಿ ಗೆದ್ದವು. ಆದರೆ 2016ರ ಡಿಸೆಂಬರಿನಲ್ಲಿ ಸಿದ್ದಾಪುರ ಸಮೀಪದ ದಿಡ್ಡಳ್ಳಿಯಲ್ಲಿ 500ಕ್ಕೂ ಹೆಚ್ಚು ಗುಡಿಸಲುಗಳನ್ನು ಅರಣ್ಯ ಭೂಮಿಯೆಂದು ಕೆಡವಲಾಯಿತು. ಅಲ್ಲಿದ್ದವರು ಬಹುತೇಕ ತೋಟಗಳ ಕೂಲಿ ಲೈನ್‌ಮನೆಗಳನ್ನು ಬಿಟ್ಟು ಬಂದ ಯರವರು, ಜೇನುಕುರುಬರು. ತಿಂಗಳುಗಟ್ಟಲೆ ಹೋರಾಟ ನಡೆದ ಮೇಲೆ ಕುಶಾಲನಗರ ಬಳಿಯ ಬಸವನಹಳ್ಳಿಯಲ್ಲಿ ಮತ್ತು ಬ್ಯಾಡಗೊಟ್ಟದಲ್ಲಿ ಮನೆ ಸಿಕ್ಕಿತು. 2025ರ ಮೇ ತಿಂಗಳಲ್ಲಿ 50ರಷ್ಟು ಜೇನುಕುರುಬ ಕುಟುಂಬಗಳು 2006ರ ಅರಣ್ಯ ಹಕ್ಕು ಕಾಯಿದೆಯನ್ನು ಮುಂದಿಟ್ಟು ನಾಗರಹೊಳೆಯೊಳಗಿನ ಕರಡಿಕಲ್ಲು ಅತ್ತೂರು ಕೊಲ್ಲಿಗೆ ಮರಳಿ ಗುಡಿಸಲು ಹಾಕಿದವು.

ಈಚಿನ ಗಡಿ. 2024ರ ಫೆಬ್ರವರಿ 2ರಂದು ವಯನಾಡಿನ ಮಾನಂದವಾಡಿ ಪೇಟೆಯೊಳಗೆ ಕಾಡಾನೆಯೊಂದು ಬಂತು. ಕೊರಳಲ್ಲಿ ರೇಡಿಯೋ ಕಾಲರ್ ಇತ್ತು. ಅದನ್ನು ಹಾಸನ ಜಿಲ್ಲೆಯಲ್ಲಿ ಹಿಡಿದು ಬಂಡೀಪುರದಲ್ಲಿ ಬಿಟ್ಟಿದ್ದರು. ಗೊತ್ತಿಲ್ಲದ ಕಾಡಿನಲ್ಲಿ ನಡೆದು ನಡೆದು ಅದು ರಾಜ್ಯ ದಾಟಿತ್ತು. ಕೇರಳದವರು ಅರಿವಳಿಕೆ ಕೊಟ್ಟು ಹಿಡಿದು ಬಂಡೀಪುರಕ್ಕೇ ಮರಳಿಸಿದರು, ಮರುದಿನ ಸತ್ತಿತು. ವಾರದ ಬಳಿಕ ಕರ್ನಾಟಕದ ಕಾಲರ್ ಇದ್ದ ಇನ್ನೊಂದು ಆನೆ ಅದೇ ಸೀಮೆಯಲ್ಲಿ ಒಬ್ಬರನ್ನು ಕೊಂದಿತು. ಆಮೇಲೆ ಮಾರ್ಚಿಯಲ್ಲಿ ರಾಜ್ಯಗಳ ಅರಣ್ಯ ಸಚಿವರು ಬಂಡೀಪುರದಲ್ಲಿ ಕೂತು, ಮಾಹಿತಿ ಹಂಚಿಕೊಳ್ಳುವ ಒಪ್ಪಂದ ಮಾಡಿಕೊಂಡರು. ರಾತ್ರಿ ಸಂಚಾರ ನಿಷೇಧದ ವಿಚಾರದಲ್ಲಿ ಮಾತ್ರ ಇಂಥ ಒಮ್ಮತ ಬಂದಿಲ್ಲ: ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ, ಅದಕ್ಕೂ ಮೊದಲೇ ಮೈಸೂರು–ಮಾನಂದವಾಡಿ ರಸ್ತೆಯಲ್ಲಿ ಬಂದ ನಿಷೇಧ ಕೇರಳಕ್ಕೆ ಇಂದಿಗೂ ಕಿರಿಕಿರಿ.

ಸಿದ್ದಾಪುರಕ್ಕೆ ಕೇರಳದ ಗಡಿ ದೂರ, ಕಾಡು–ತೋಟದ ಗಡಿ ಮಾತ್ರ ಬೇಲಿಯಾಚೆಗೇ. ಕಂದಕ, ಸೋಲಾರ್ ತಂತಿ, ಹಳೆಯ ರೈಲು ಹಳಿಗಳ ತಡೆಬೇಲಿ, ಮೂರನ್ನೂ ಇಲ್ಲಿ ಹಾಕಿ ನೋಡಿದ್ದಾಗಿದೆ. ಮಳೆಗಾಲದಲ್ಲಿ ಕಂದಕದ ಮಣ್ಣು ಕುಸಿಯುತ್ತದೆ. ಆನೆ ಕಾಲಿನಿಂದ ಇನ್ನಷ್ಟು ಮಣ್ಣು ಕೆಡವಿ ದಾರಿ ಮಾಡಿಕೊಳ್ಳುತ್ತದೆ. ಹಲಸಿನ ಕಾಲದಲ್ಲಿ ಆನೆ ಬರಬಾರದೆಂದು ಎಳೆಗಾಯಿಗಳನ್ನೇ ಕೊಯ್ದು ಹಾಕುವ ತೋಟಗಳಿವೆ. ಆನೆಗಳು ಕಾಫಿ ಹಣ್ಣನ್ನೂ ತಿನ್ನಲು ಕಲಿತಿವೆ. ಲದ್ದಿಯಲ್ಲಿ ಬೀಜ ಕಾಣುತ್ತದೆ. ಮಾಲ್ದಾರೆ, ಗುಹ್ಯ, ಕರಡಿಗೋಡು, ನೆಲ್ಲಿಹುದಿಕೇರಿ ಕಡೆ ತೋಟದಲ್ಲೇ ಮರಿ ಹಾಕಿ, ತೋಟದಲ್ಲೇ ಬೆಳೆಸುವ ಹಿಂಡುಗಳಿವೆ. ಆ ಮರಿಗಳನ್ನು ಪಟಾಕಿ ಸಿಡಿಸಿ ‘ಕಾಡಿಗೆ ಅಟ್ಟಿದರೆ’ ಅವು ರಾತ್ರಿಯೊಳಗೆ ಹಿಂದಿರುಗುತ್ತವೆ, ಅವು ಹುಟ್ಟಿದ್ದೇ ಅಲ್ಲಿ. 2022ರ ಕೊನೆಗೆ ಸರ್ಕಾರ ಕೊಡಗು, ಹಾಸನ ಮೊದಲಾದ ಜಿಲ್ಲೆಗಳಿಗೆ ಆನೆ ಕಾರ್ಯಪಡೆ ನೇಮಿಸಿತು. ಬೆಳಗ್ಗೆ ಹಿಂಡು ಯಾವ ತೋಟದಲ್ಲಿದೆ ಎಂದು ಮೊದಲು ತಿಳಿಯಬೇಕಾದವರು ನಡೆದು ಕೆಲಸಕ್ಕೆ ಬರುವ ಕೂಲಿಯವರು. ಸಾಯುವವರಲ್ಲಿ ಅವರೇ ಹೆಚ್ಚು.